ಕೊಳದ ನೀರು ತಣ್ಣೀರಲ್ಲ

ಜನವರಿ ೬, ಬೆಳಗಿನ ಪ್ರಾಕ್ಟೀಸ್ ಮುಗಿದ ಮೇಲೆ

ಮಗಳು ಇವತ್ತೂ ನಿಧಾನ. ಈಜು ಕ್ಲಬ್ಬಿನ ಮಕ್ಕಳೆಲ್ಲ ಕೊಳದ ದಡದಲ್ಲೇ ಇದ್ದರು. ‘ಏನೇ ಕಪ್ಪೆಮರಿ, ಈಜ್ತಿದೀಯೋ ಹಿಟ್ಟು ನಾದ್ತಿದೀಯೋ?’ ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಒಳ್ಳೆಯ ಹುಡುಗಿ.

ಹೋದ ತಿಂಗಳು ಕೆಮ್ಮು, ಜ್ವರ, ಎದೆಕಫ ಅಂತ ಹಾಸಿಗೆ ಹಿಡಿದಿದ್ದಳು. ಅದು ಹೋಯಿತು, ಮೈಗಳ್ಳತನ ಉಳಿಯಿತು. ತಿಂಗಳ ಕೊನೆಗೆ ದೊಡ್ಡ ಕ್ಯಾಂಪಿನ ಆಯ್ಕೆ ಸ್ಪರ್ಧೆ. ನಾನು ಕೋಚ್ ಆಗಿರುವ ಈ ಕ್ಲಬ್ಬಿನಿಂದ ಇದುವರೆಗೆ ಒಬ್ಬರೂ ಹೋಗಿಲ್ಲ. ನನ್ನ ಕಾಲದಲ್ಲಿ ನಾನೂ ಹೋಗಿಲ್ಲ.

ಜನವರಿ ೯

ಬೆರಳು ನೀಲಿ. ಕಿವಿಯ ತುದಿಯೂ.

‘ಅಪ್ಪ, ಬೆರಳು ನನ್ನದೇ ಅಲ್ಲ ಅನ್ನಿಸ್ತಿದೆ.’

‘ಯಾರದ್ದಾದ್ರೂ ಆಗ್ಲಿ. ನೀರನ್ನ ಹಿಂದಕ್ಕೆ ತಳ್ಳಿದ್ರೆ ಸಾಕು.’

ಇನ್ನೂ ನಾಲ್ಕು ಸುತ್ತು ಹೊಡೆಸಿದೆ. ಬಾಯಿ ಮಾಡಿದ್ದಕ್ಕೆ ಒಂದು ಹೆಚ್ಚಿಗೆ.

ಜನವರಿ ೧೨

ಹೆಂಡತಿ ಮಗಳ ರೆಪ್ಪೆ ಎತ್ತಿ ನೋಡಿದಳು. ಕಣ್ಣು ಹಳದಿ. ಮೂತ್ರ ಹಾಲು ಹಾಕದ ಕಾಫಿಯ ಬಣ್ಣವಂತೆ — ಎಷ್ಟೋ ದಿನದಿಂದ.

‘ಯಾಕೇ ಹೇಳ್ಲಿಲ್ಲ?’

‘ಅಪ್ಪ ನೆಪ ಅಂತಾರೆ.’

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಪೇಪರ್ ಓದುತ್ತಿದ್ದೆ. ಬೇಕರಿಯಲ್ಲಿ ಇವಳಿಗೆ ಹಗಲು ಪಾಳಿ, ರಜೆ ಸಿಗುವುದಿಲ್ಲ. ಆಸ್ಪತ್ರೆಗೆ ನಾನೇ ಹೋಗಬೇಕು.

ಜನವರಿ ೧೩

ಲ್ಯಾಬಿನವನು ಟ್ಯೂಬು ತೋರಿಸಿದ. ಮಗಳ ರಕ್ತ ಒಡೆದ ಹಾಲಿನ ಹಾಗೆ ಗಂಟುಗಂಟು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹರಟುತ್ತಾ ಕೂತ. ಬಿಸಿ ತಾಗಿ ಎಲ್ಲ ಬಿಡಿಬಿಡಿಯಾಯಿತು.

‘ಜಾದೂನಾ ಅಂಕಲ್?’

‘ನಿನ್ನ ರಕ್ತಕ್ಕೆ ಚಳಿ ಕಣಮ್ಮ. ಮುದುಡಿಕೊಂಡು ಒಂದನ್ನೊಂದು ತಬ್ಕೊಳ್ತಾವೆ.’

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕೆಮ್ಮಿನ ಸೋಂಕನ್ನು ಹೊಡೆಯಲು ಮೈ ಮಾಡಿಕೊಂಡ ಆಯುಧ ಈಗ ತನ್ನ ರಕ್ತಕ್ಕೇ ತಿರುಗಿಬಿದ್ದಿದೆ. ಮೈ ಬೆಚ್ಚಗಿದ್ದರೆ ಅದು ತೆಪ್ಪಗಿರುತ್ತದೆ. ತಣ್ಣಗಾದರೆ ಕೆಂಪುಕಣಗಳನ್ನು ಅಂಟಿಸಿ ಒಡೆದು ಹಾಕುತ್ತದೆ.

‘ಒಂದೆರಡು ತಿಂಗಳು ಬೆಚ್ಚಗಿಟ್ರೆ ತಾನೇ ಹೋಗುತ್ತೆ. ಆದ್ರೆ ತಣ್ಣೀರು ಮಾತ್ರ ಮುಟ್ಟಿಸ್ಬೇಡಿ. ಕೈ ತೊಳೆಯೋಕೂ ಬಿಸಿನೀರೇ.’

ಈಜು ಅಂತ ನಾನು ಬಾಯಿ ಬಿಡಲಿಲ್ಲ. ಅವರೂ ಕೇಳಲಿಲ್ಲ. ಮಗಳು ಬಾಯಿ ತೆರೆದಳು. ಭುಜ ಒತ್ತಿದೆ. ಮುಚ್ಚಿದಳು.

ಜನವರಿ ೧೪

ತಣ್ಣೀರಿನ ಮಾತು ಕೇಳಿದ ಹೆಂಡತಿ ಅಂದಳು: ‘ಕೊಳದ ಕಡೆ ಹೋದ್ರೆ ಅಪ್ಪ ಮಗಳು ಇಬ್ರ ಕಾಲೂ ಮುರೀತೀನಿ.’

‘ಆಯ್ತು ತಾಯಿ.’

ಜನವರಿ ೨೫

ಕಾಲುಚೀಲ, ಕೈಗವಸು, ಟೋಪಿ. ಮಗಳು ಪಾರ್ಸಲ್ಲಿನ ಹಾಗೆ ಮನೆಯಲ್ಲಿ ಬಿದ್ದಿದ್ದಾಳೆ. ಕಣ್ಣು ಬೆಳ್ಳಗಾಗಿದೆ. ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಅಂದರೆ ವಾಸಿ.

ಮಧ್ಯಾಹ್ನ ಹೋಗಿ ಕೊಳಕ್ಕೆ ಮೊಣಕೈ ಅದ್ದಿ ನೋಡಿದೆ, ಕೂಸಿನ ಸ್ನಾನದ ನೀರು ನೋಡುವ ಹಾಗೆ. ದಡದ ಬೋರ್ಡಿನಲ್ಲಿ ಇಪ್ಪತ್ತೇಳು ಡಿಗ್ರಿ. ಹಿತವಾಗಿತ್ತು. ಡಾಕ್ಟರಮ್ಮ ಹೇಳಿದ್ದು ತಣ್ಣೀರು. ನಲ್ಲಿಯದು ತಣ್ಣೀರು, ಫ್ರಿಜ್ಜಿನದು ತಣ್ಣೀರು. ಕೊಳದ್ದು ತಣ್ಣೀರಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಬೆಚ್ಚನೆ ನೀರು ಅಂತಲೇ ಹೆಸರು. ನೀರಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

‘ಏನಂತೀಯೆ ಕಪ್ಪೆ, ಆಯ್ಕೆಗೆ ಹೋಗೋಣ್ವಾ?’

‘ಅಮ್ಮ?’

‘ಅಮ್ಮನಿಗೆ ಗೆದ್ದು ಬಂದು ಹೇಳೋಣ.’

ಕೈಗವಸು ಕಳಚಿದಳು. ‘ನಿಮಗೆ ಖುಷಿಯಾಗುತ್ತಾ?’ ಅಂದಳು. ಅದೂ ಕೇಳುವ ಮಾತೇ!

ಜನವರಿ ೨೮, ಕೊಳದ ದಡ

ಹೆಂಡತಿ ಬೇಕರಿಗೆ ಹೋದ ಮೇಲೆ ಹೊರಟೆವು. ಪಕ್ಕದ ಕ್ಲಬ್ಬಿನ ಕೊಕ್ಕರೆ ಬಂದಿದ್ದಾಳೆ — ಬರೀ ಕೈಕಾಲು, ಆ ಹುಡುಗಿ. ಮೊದಲ ಸುತ್ತಿನಲ್ಲಿ ಕೊಕ್ಕರೆ ಒಂದನೆಯವಳು, ಕಪ್ಪೆ ಎರಡನೆಯವಳು. ಫೈನಲ್ ಮಧ್ಯಾಹ್ನ. ಮೈ ಬಿಗಿಯದಿರಲಿ ಅಂತ ಮಗಳನ್ನು ಪಕ್ಕದ ಸಣ್ಣ ಕೊಳದಲ್ಲೇ ಇರಿಸಿದ್ದೇನೆ. ಮೂಗಿನ ತುದಿ ನೀಲಿ.

‘ಸಾಕಾ ಅಪ್ಪ?’

‘ಇನ್ನೊಂದೇ.’

ಅದೇ ದಿನ, ಸಂಜೆ

ಗೆದ್ದಳು! ಬೆರಳಷ್ಟು ಅಂತರ! ಕೊಕ್ಕರೆ ಗೋಡೆ ಹಿಡಿದು ಅತ್ತಳು.

ಮಗಳಿಗೆ ಏಣಿ ಹತ್ತಲಾಗಲಿಲ್ಲ. ಕೈ ಹಿಡಿದು ಎಳೆದುಕೊಂಡೆ. ಆ ಕೈ ನೀರಿಗಿಂತ ತಣ್ಣಗಿತ್ತು. ‘ಗೆದ್ನಾ?’ ಅಂದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿದ್ದಳು. ಈಗ ಆಸ್ಪತ್ರೆ.

ಜನವರಿ ೨೯

ರಕ್ತ ಕೊಡುತ್ತಿದ್ದಾರೆ. ಬಿಸಿ ಮಾಡುವ ಯಂತ್ರದಿಂದ ಹಾಯಿಸಿ, ತೊಟ್ಟು ತೊಟ್ಟು.

ಡಾಕ್ಟರಮ್ಮ ಕೇಳಿದರು: ‘ನೀರಲ್ಲಿ ಎಷ್ಟು ಹೊತ್ತಿದ್ಳು?’

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಗಳೇ ಹೇಳಿದಳು: ‘ಅಪ್ಪಂಗೆ ಗೊತ್ತಿರ್ಲಿಲ್ಲ ಮೇಡಂ. ನೋಡೋಕೆ ಅಂತ ಕದ್ದು ಹೋದೆ. ಆಸೆಯಾಯ್ತು, ಇಳಿದೆ. ಐದೇ ನಿಮಿಷ.’

ಸುಳ್ಳು ಹೇಳುವಾಗ ನನ್ನ ಕಡೆ ನೋಡಲೂ ಇಲ್ಲ.

ಹೆಂಡತಿ ಹಾಸಿಗೆಯ ಮೇಲೆ ಬಗ್ಗಿ ಸಿಡುಕಿದಳು. ‘ಹೆತ್ತವರ ಹೊಟ್ಟೆ ಉರಿಸೋಕೇ ಹುಟ್ಟಿದೀಯೇನೇ? ಅಪ್ಪ ಅಷ್ಟು ಜೋಪಾನ ಮಾಡಿದ್ರೂ!’ ಮಗಳು ‘ತಪ್ಪಾಯ್ತಮ್ಮ’ ಅಂದಳು. ನಾನು ಕಿಟಕಿಯ ಪರದೆ ಎಳೆದೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಫೋನಿಗೆ ಮೆಸೇಜು: ಕ್ಯಾಂಪಿಗೆ ಆಯ್ಕೆ. ಜೇಬಿಗೆ ಹಾಕಿಕೊಂಡೆ.

ಜನವರಿ ೩೦, ಬೆಳಿಗ್ಗೆ

ರಕ್ತ ಏರುತ್ತಿಲ್ಲ. ಡಾಕ್ಟರಮ್ಮ ನಮ್ಮಿಬ್ಬರನ್ನೂ ಹೊರಗೆ ಕರೆದರು.

‘ಐದು ನಿಮಿಷದ ನೀರಿಗೆ ಇಷ್ಟು ರಕ್ತ ಒಡೆಯಲ್ಲ. ಕೆಮ್ಮಿನದ್ದಲ್ಲ ಅನ್ನಿಸ್ತಿದೆ. ರಕ್ತದ ಕ್ಯಾನ್ಸರ್‌ನಲ್ಲೂ ಹೀಗಾಗುತ್ತೆ. ಸೊಂಟದ ಮೂಳೆಗೆ ಸೂಜಿ ಹಾಕಿ ನೋಡ್ಬೇಕು. ನೋವಿದೆ. ಅವಳ ಈ ಸ್ಥಿತೀಲಿ ಪೂರ್ತಿ ಅರಿವಳಿಕೆ ಕೊಡೋಕಾಗಲ್ಲ.’

ಹೆಂಡತಿ ಗೋಡೆಯ ಕಡೆ ತಿರುಗಿದಳು. ‘ಕ್ಯಾನ್ಸರ್ರಾ? ನಿನ್ನೆ ಅವಳಿಗೆ ಬೈದ್ನಲ್ಲಾ ನಾನು... ಬೈದ್ಬಿಟ್ನಲ್ಲಾ...’ ಬೆನ್ನು ಸವರಿದೆ. ‘ಧೈರ್ಯ ತಗೋ’ ಅಂದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ನೀರಲ್ಲಿದ್ದಳು — ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬಂದದ್ದು ‘ಧೈರ್ಯ ತಗೋ’.

ಜನವರಿ ೩೦, ಕೋಣೆಯ ಹೊರಗೆ

ಮಗಳನ್ನು ತಳ್ಳಿಕೊಂಡು ಹೋಗುವಾಗ ನನ್ನ ತೋಳು ಹಿಡಿದಳು. ‘ತುಂಬಾ ನೋಯುತ್ತಾ ಅಪ್ಪ?’

‘ಇರುವೆ ಕಚ್ಚಿದ ಹಾಗೆ.’

ಕಿವಿ ಹತ್ತಿರ ಕರೆದಳು. ‘ನಾನು ಹೇಳಲ್ಲ. ಹೆದರ್ಬೇಡಿ.’

ಬಾಗಿಲು ಹಾಕಿದರು. ಇನ್ನೂ ಶುರುವಾಗಿಲ್ಲ — ಒಳಗೆ ಟ್ರೇ ಜೋಡಿಸುವ ಸದ್ದು. ಎದ್ದು ಬಾಗಿಲು ತಟ್ಟಬಹುದು. ಎದ್ದರೆ ಪಕ್ಕದಲ್ಲಿ ಕೂತ ಹೆಂಡತಿ ಎಲ್ಲಿಗೆ ಅಂತ ಕೇಳುತ್ತಾಳೆ. ಏನು ಹೇಳಲಿ?

ಸದ್ದು ನಿಂತಿತು. ‘ಅಲುಗಾಡಬಾರ್ದು ಪುಟ್ಟಾ’ ಅನ್ನುತ್ತಿದ್ದಾರೆ. ಈಗ ಎದ್ದು ನಿಜ ಹೇಳಿದರೂ ಸೂಜಿ ತಪ್ಪುತ್ತದೆ. ಈಗ —