ಸತುರ್ನೀನಾಳನ್ನು ಕಳಿಸಿಕೊಡುವ ಮುನ್ನ

ನವೆಂಬರ್ ಸೊನ್ನೆ, ೨೧೯೧
ಕಾಲಾಪಂಪಾ, ಬೊಲಿವಿಯಾದ ಬೆಟ್ಟಸಾಲು

ಇದನ್ನು ಓದುವಷ್ಟು ಹಿಂದೆ ಇರುವ ನನ್ನ ಹಿರಿಯರಿಗೆ, ನಿಮ್ಮಲ್ಲಿ ಮುಖ್ಯವಾಗಿ ಕಾಫಿ ಕುಡಿಯುವವರಿಗೆ, ಗದಗಿನ ಮೇದಿನಿಯ ನಮಸ್ಕಾರಗಳು.

ತಾರೀಖು ನೋಡಿ ಪತ್ರ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಅಕ್ಟೋಬರ್ ಮೂವತ್ತೊಂದಕ್ಕೂ ನವೆಂಬರ್ ಒಂದಕ್ಕೂ ನಡುವೆ ನಮಗೆ ಒಂದು ದಿನ ಹೆಚ್ಚಿಗೆ ಇದೆ. ನಿಮ್ಮ ಮರಿಮಕ್ಕಳ ಕಾಲದಲ್ಲಿ ಊರಿಗೆ ಊರೇ ಬಿಸಿಲಿಗೆ ಬಲಿಯಾದ ಮೇಲೆ, ಸತ್ತವರಿಗೆಂದು ಜಗತ್ತೆಲ್ಲ ಕೂಡಿ ಬಿಟ್ಟುಕೊಟ್ಟ ದಿನ ಅದು. ಮೊದಲೇ ಬಡಕಲಾಗಿದ್ದ ಫೆಬ್ರವರಿಯಿಂದ ಅದನ್ನು ಕಿತ್ತುಕೊಂಡರಂತೆ. ಈ ದಿನ ಯಾರೂ ಏನನ್ನೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಹಾಗಾಗಿ ನನಗೆ ಕೂತು ಬರೆಯಲು ಪುರುಸೊತ್ತು ಸಿಕ್ಕಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡ ಅವ್ವನಿಂದ ಬಂದದ್ದು. ಸಾಲದ್ದಕ್ಕೆ ಮದುವೆ ಈಗಷ್ಟೇ ಆಗಿದೆ. ಎಲ್ಲದಕ್ಕೂ ಒಂದಿಷ್ಟು ಹೆಚ್ಚೇ ಹಿಗ್ಗುತ್ತೇನೆಂದು ಈ ಮನೆಯವರ ದೂರು. ಹಿಗ್ಗದೆ ಹೇಗಿರಲಿ? ನನ್ನ ಗಂಡ ವಿಲ್ಬರ್ ಬೆಳಿಗ್ಗೆ ತೋಟಕ್ಕೆ ಹೋಗುವಾಗ ತಿರುವಿನಲ್ಲಿ ನಿಂತು ಮನೆಯ ಕಡೆ ಒಮ್ಮೆ ನೋಡುತ್ತಾನೆ. ನಾನು ನೋಡುತ್ತಿದ್ದೇನೆಂದು ಗೊತ್ತಾದ ಕೂಡಲೇ ಅವನ ಕಿವಿಗಳು ಹಣ್ಣಾದ ಕಾಫಿಕಾಯಿಯ ಹಾಗೆ ಕೆಂಪಾಗುತ್ತವೆ.

ನಿಮ್ಮ ಕಾಲದಲ್ಲಿ ಈ ಎತ್ತರದಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದರಂತೆ. ಕೆಳಗೆ ಬಿಸಿ ಹೆಚ್ಚಿದಂತೆಲ್ಲ ಕಾಫಿ ಗಿಡ ಬೆಟ್ಟ ಹತ್ತುತ್ತಾ ಬಂತು, ಅದರ ಹಿಂದೆ ಜನರೂ ಹತ್ತಿದರು. ಈಗ ನಮ್ಮ ತೋಟದ ಮೇಲೆ ಬರೀ ಬಂಡೆ ಇದೆ, ಬಂಡೆಯ ಮೇಲೆ ಆಕಾಶ. ಗಿಡಕ್ಕೆ ಯಾವ ವಿಷವನ್ನೂ ಹೊಡೆಯುವುದಿಲ್ಲ. ಹಣ್ಣಿನ ಸಿಪ್ಪೆ ಮತ್ತು ಸಗಣಿ ಕೊಳೆಸಿ ಬುಡಕ್ಕೆ ಹಾಕುತ್ತೇವೆ, ಎಲೆಗೆ ತುಕ್ಕುರೋಗ ಬಂದರೆ ಒಂದೊಂದೇ ಎಲೆ ಕಿತ್ತು ಸುಡುತ್ತೇವೆ. ಒಳ್ಳೆಯ ಬೀಜವೆಲ್ಲ ಹಡಗು ಹತ್ತುತ್ತದೆ. ನಾವು ಕುಡಿಯುವುದು ಒಣಗಿದ ಸಿಪ್ಪೆಗೆ ದಾಲ್ಚಿನ್ನಿ ಹಾಕಿ ಕುದಿಸಿದ ಕಷಾಯ. ಮೊದಲ ಗುಟುಕಿಗೆ ನಾನು ಮುಖ ಕಿವುಚಿದ್ದೆ. ಈಗ ಅದಿಲ್ಲದೆ ಬೆಳಗಾಗುವುದಿಲ್ಲ. ಇಲ್ಲಿನವರ ಭಾಷೆ ಐಮಾರಾ. ಆದರೆ ಎಲ್ಲರ ಹಾಗೆ ನನ್ನ ಕಿವಿಯಲ್ಲೂ ಒಂದು ಕಿವಿಹರಳಿದೆ. ಯಾರು ಯಾವ ಭಾಷೆಯಲ್ಲಿ ಆಡಿದರೂ ನಾನು ತೊಟ್ಟಿಲಲ್ಲಿ ಕೇಳಿದ ಮಾತಿನಲ್ಲಿಯೇ ಅದು ನನಗೆ ಕೇಳಿಸುತ್ತದೆ. ಹೀಗಾಗಿ ಬೊಲಿವಿಯಾದ ಬೆಟ್ಟದ ತುಂಬ ಗದಗಿನ ಮಾತು! ಬಂದ ಹೊಸದರಲ್ಲಿ ದೊಡ್ಡ ಟೋಪಿಯ ಮುದುಕನೊಬ್ಬ, "ಏನವಾ ತಂಗಿ, ದಾರ್‍ಯಾಗ ತ್ರಾಸ ಆಗಲಿಲ್ಲಲಾ?" ಎಂದಾಗ ನಾನು ನಗುವುದೋ ಅಳುವುದೋ ತಿಳಿಯದೆ ಅವನ ಕಾಲಿಗೇ ಬಿದ್ದುಬಿಟ್ಟೆ.

ಇನ್ನು ದನಿಬೊಟ್ಟಿನ ವಿಚಾರ. ನೀವು ಫೇರ್ ಟ್ರೇಡ್ ಎನ್ನುತ್ತಿದ್ದ ನ್ಯಾಯದ ವ್ಯಾಪಾರದ ಪೊಟ್ಟಣಗಳ ಮೇಲೆ ಬೆಳೆಗಾರರ ಫೋಟೊ, ಹೆಸರು, ಎರಡು ಸಾಲಿನ ಕತೆ ಇರುತ್ತಿತ್ತೆಂದು ಓದಿದ್ದೇನೆ. ಅದು ಬೆಳೆಯುತ್ತಾ ಬೆಳೆಯುತ್ತಾ ದನಿಬೊಟ್ಟಾಯಿತು. ನಮ್ಮ ಪೊಟ್ಟಣದ ಮೇಲೆ ಬೆಳೆಗಾರರ ಚಿತ್ರದ ಪಕ್ಕದಲ್ಲಿ ಹಣೆಯ ಬೊಟ್ಟಿನಷ್ಟು ದೊಡ್ಡ ಕೆಂಪು ಗುರುತೊಂದು ಇರುತ್ತದೆ. ಅದನ್ನು ಒತ್ತಿದರೆ ಆ ಕಾಫಿ ಬೆಳೆದವರು ನಿಮ್ಮ ಭಾಷೆಯಲ್ಲಿ ಮಾತಾಡುತ್ತಾರೆ, ನೀವೂ ಮಾತಾಡಬಹುದು. ಇಲ್ಲಿ, ಒಣಗಿಸುವ ಕಣದ ಪಕ್ಕದ ಕೋಣೆಯಲ್ಲಿ, ಅದರ ಜೋಡಿ ಬಿಲ್ಲೆ ಇರುತ್ತದೆ. ಬೆಳೆಗಾರರು ಪ್ರತಿ ಬೆಳಿಗ್ಗೆ ಅದರ ಮುಂದೆ ಕೂರಬೇಕು. ಯಂತ್ರ ಉತ್ತರ ಕೊಡುವಂತಿಲ್ಲ, ಬದುಕಿರುವ ಮನುಷ್ಯರೇ ಆಡಬೇಕು ಎಂಬುದು ಪೊಟ್ಟಣಕ್ಕೆ ನ್ಯಾಯದ ಮುದ್ರೆ ಒತ್ತುವವರ ನಿಯಮ. ಬಿಲ್ಲೆಯ ಮುಂದೆ ಉಸಿರಿದೆಯೇ ಎಂದು ಮುದ್ರೆಯವರು ದೂರದಿಂದಲೇ ಪರೀಕ್ಷಿಸುತ್ತಾರೆ. ಯಾರ ಉಸಿರು ಎಂದು ಪರೀಕ್ಷಿಸುವುದಿಲ್ಲ.

ಗದಗಿನ ನಮ್ಮ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬರುತ್ತಿದ್ದುದು ಸತುರ್ನೀನಾ ಮಾಮಾನಿ ಎಂಬಾಕೆಯ ಕಾಫಿ. ಅವ್ವ ಹಾಲು ಉಕ್ಕುವುದನ್ನೂ ಮರೆತು ಅವಳೊಡನೆ ಹರಟುತ್ತಿದ್ದಳು. ಏನು ಮಾತು, ಏನು ನಗೆಚಾಟಿಕೆ! "ನನ್ನ ಮಗಾ ಹಣ್ಣ ಕೀಳೂದರಾಗ ಹುಲಿ, ಹೆಣ್ಣ ನೋಡೂದರಾಗ ಇಲಿ. ನಿಮ್ಮೂರಾಗ ಯಾರರ ಇದ್ರ ಹೇಳ್ರಿ," ಎಂದು ಆಕೆಯೇ ಒಂದು ದಿನ ಕೇಳಿದಳು. ಅವ್ವ ನಗುತ್ತಾ ನನ್ನ ಕಡೆ ಕೈ ತೋರಿಸಿದಳು, ಬೊಟ್ಟಿಗೆ ಕಣ್ಣಿಲ್ಲ ಎಂಬುದನ್ನು ಮರೆತು. ಹೀಗೆ ಶುರುವಾದದ್ದು ನಮ್ಮ ಸಂಬಂಧ. ವಿಲ್ಬರ್ ಒಬ್ಬನೇ ಸಮುದ್ರ ದಾಟಿ ಗದಗಕ್ಕೆ ಬಂದು ತಾಳಿ ಕಟ್ಟಿದ. ತಾಯಿ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ ಎಂದ. ಅದು ಸುಳ್ಳೂ ಅಲ್ಲ.

ಅತ್ತೆಗೆಂದು ಇಳಕಲ್ ಸೀರೆ ತಂದಿದ್ದೆ. ಬಾಗಿಲಲ್ಲಿ ನಿಂತಿದ್ದವಳು ಅವಳ ತಂಗಿ ಬಸಿಲಿಯಾ. ಮಾತು ಕಡಿಮೆ, ಮುಖದಲ್ಲಿ ನಗುವಿಲ್ಲ. "ಅತ್ತಿ ಎಲ್ಲಿ?" ಎಂದು ಕೇಳಿದೆ. ವಿಲ್ಬರ್ ನನ್ನ ಕೈ ಹಿಡಿದು ಕಣದ ಹಿಂದೆ, ಕಿತ್ತಳೆ ಮರದ ಕೆಳಗೆ ಕರೆದುಕೊಂಡು ಹೋದ. ಅಲ್ಲಿ ಕಲ್ಲಿಲ್ಲ, ಹೆಸರಿಲ್ಲ, ಒಂದು ಹೂವೂ ಇಲ್ಲ. "ಇಲ್ಲೇ ಅದಾಳ," ಎಂದ. ಸತುರ್ನೀನಾ ಸತ್ತು ಆರು ವರ್ಷ ಆಗಿತ್ತು. ನಮ್ಮ ಅಡುಗೆಮನೆಗೆ ಅವಳ ದನಿ ಬರಲು ಶುರುವಾದದ್ದು ಅದರ ನಂತರ.

ಮೊದಲು ಪಕ್ಕದ ಬೆಟ್ಟದ ಬೆಳೆಗಾರನೊಬ್ಬ ಸತ್ತಾಗ ಅವನ ಮಗಳ ದನಿಯನ್ನು ಹಾಕಿದ್ದರಂತೆ. ಹಳೆಯ ಗೆಳೆಯನಿಲ್ಲದ ಕಾಫಿ ರುಚಿಯಿಲ್ಲ ಎಂದು ಕುಡಿಯುವವರು ಬೇರೆ ಪೊಟ್ಟಣಕ್ಕೆ ಹೋದರು. ಆ ಬೆಟ್ಟದಲ್ಲಿ ಈಗ ಮನೆಗಳಿವೆ, ಮನುಷ್ಯರಿಲ್ಲ. ನಮ್ಮ ಊರಿನ ಕಾಫಿಯೆಲ್ಲ ಸತುರ್ನೀನಾಳ ಹೆಸರಿನಲ್ಲೇ ಹೋಗುತ್ತಿತ್ತು. ಅದಕ್ಕೇ ಅವಳು ಸತ್ತಾಗ ಬೆಳೆಗಾರರ ಇಡೀ ಸಹಕಾರ ಸಂಘ ಬಾಯಿ ಮುಚ್ಚಿಕೊಂಡಿತು. ಬಿಲ್ಲೆಗೆ ಅವಳ ದನಿ ಗೊತ್ತಿತ್ತು. ಯಾರು ಮಾತಾಡಿದರೂ ಅವಳ ದನಿಯ ಬಟ್ಟೆ ತೊಡಿಸಿ ಕಳಿಸುವಂತೆ ಮಾಡಿಕೊಂಡರು. ಮಾತಾಡುತ್ತಾ ಬಂದವಳು ಬಸಿಲಿಯಾ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ಆಕೆ ಬಿಲ್ಲೆಯ ಮುಂದೆ ಕೂತರೆ ಊರು ನಗಿಸುತ್ತಿದ್ದಳು. ನನ್ನ ಮದುವೆ ಕುದುರಿಸಿದವಳೂ ಅವಳೇ ಎಂದು ಅಪ್ಪಿಕೊಳ್ಳಲು ಹೋದೆ. ಆಕೆ ಹಿಂದೆ ಸರಿದಳು. "ನಾ ಅಲ್ಲವಾ. ನಾ ಕುಂದರತೀನಿ ಅಷ್ಟಽ. ಆಡಾಕಿ ಅಕೀನ," ಎಂದಳು.

ವಿಲ್ಬರನ ಮೇಲೆ ಸಿಟ್ಟು ಬಂತು, ನಿಜ. ಒಂದು ವಾರ ಅವನ ಜೊತೆ ಮಾತು ಬಿಟ್ಟೆ. ಆದರೆ ಒಂದು ದಿನ ಬಿಲ್ಲೆಯ ಕೋಣೆಯಿಂದ ಅವನ ತಾಯಿಯ ನಗು ಕೇಳಿಬಂದಾಗ, ಅವನು ತಟ್ಟೆಯನ್ನು ಅಲ್ಲಿಯೇ ಬಿಟ್ಟು ಎದ್ದು ಹೋದದ್ದನ್ನು ಕಂಡೆ. ದಿನವೂ ಹಾಗೆ ಎದ್ದು ಹೋಗುತ್ತಿದ್ದನಂತೆ. ಇಲ್ಲಿನ ಪದ್ಧತಿ ಹೀಗಿದೆ: ಮನೆಯಲ್ಲಿ ಯಾರಾದರೂ ಸತ್ತರೆ ಮೂರು ವರ್ಷ, ನವೆಂಬರ್ ಒಂದರ ಮಧ್ಯಾಹ್ನ, ಅವರಿಗೆ ಊಟದ ಮೇಜು ಹಾಕಬೇಕು. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕು, ಹುದುಗಿದ ಹಿಟ್ಟಿನಿಂದ ಅವರ ಮುಖವಿರುವ ರೊಟ್ಟಿಯ ಬೊಂಬೆ ಮಾಡಿ ಬೇಯಿಸಬೇಕು. ಆತ್ಮ ಬಂದು, ಉಂಡು, ಮರುದಿನ ಮಧ್ಯಾಹ್ನ ಹೊರಡುತ್ತದೆ. ಮೂರು ಸಲ ಹೀಗೆ ಕಳಿಸಿಕೊಟ್ಟರೆ ಪೂರ್ತಿ ಹೋಗುತ್ತದೆ. ಸತುರ್ನೀನಾಳಿಗೆ ಒಮ್ಮೆಯೂ ಮೇಜು ಹಾಕಿಲ್ಲ. ಬದುಕಿರುವವಳಿಗೆ ಹೇಗೆ ಹಾಕುವುದು? ವಿಲ್ಬರ್ ತಾಯಿಗಾಗಿ ಅತ್ತೂ ಇಲ್ಲ.

ನಾನು ಈ ಮನೆಗೆ ಬಂದ ಮೇಲೆ ಗಮನಿಸಿದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕಣದಲ್ಲಿ ಒಣಹಾಕಿದ ಬೀಜವನ್ನು ನಾವು ಉದ್ದಕ್ಕೆ ಎಳೆದು ಹರಡುತ್ತೇವೆ. ಎಷ್ಟೋ ಬೆಳಿಗ್ಗೆ ಅದು ಅಡ್ಡಕ್ಕೆ ಎಳೆದಿರುತ್ತದೆ. ಅಡ್ಡಕ್ಕೆ ಎಳೆಯುವುದು ಸತುರ್ನೀನಾಳ ರೂಢಿ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಕೇಳಿದಾಗ ಬಸಿಲಿಯಾ, "ನೋಡಿದ್ರ ನೋಡಲಾರದ್ಹಂಗ ಇರಬೇಕು," ಎಂದು ಕುಂಟೆ ಹಿಡಿದು ಮತ್ತೆ ಉದ್ದಕ್ಕೆ ಎಳೆದಳು.

ಹಣ್ಣಿನ ಕೊಯ್ಲು ಮುಗಿಯುವ ಹೊತ್ತಿಗೆ ಬಸಿಲಿಯಾಳ ಗಂಟಲು ಕಟ್ಟಿತು. ಉಸಿರು ಸಾಲುತ್ತಿಲ್ಲ ಎಂದು ಬಿಲ್ಲೆ ಎರಡು ಸಲ ಎಚ್ಚರಿಸಿತು. ಮುದ್ರೆ ಹೋದರೆ ಊರು ಹೋದಂತೆ. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ವಟಗುಟ್ಟುವವಳು ನಾನೇ ತಾನೆ! "ನಿನ್ನ ಬಾಯಿ ಹೆಂಗೂ ಬಂದ್ ಆಗೂದಿಲ್ಲ, ಊರಿಗರ ಉಪಯೋಗ ಆಗಲಿ," ಎಂದಳು ಬಸಿಲಿಯಾ. ವಿಲ್ಬರ್ ಎದ್ದು ತೋಟಕ್ಕೆ ಹೋದ. ನಾನು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಮೊದಲ ಕೆಲವು ದಿನ ಮಜವೇ ಅನಿಸಿತು. ಯಾವ ಯಾವ ದೇಶದವರು, ಎಂಥೆಂಥ ಬೆಳಗುಗಳು! ನಾನು ಆಡಿದ್ದು ಬಿಲ್ಲೆಯಿಂದ ದಪ್ಪ, ಬೆಚ್ಚಗಿನ, ಹಳೆಯ ದನಿಯಾಗಿ ಹೊರಡುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ನನ್ನ ಅವ್ವ ಬೊಟ್ಟು ಒತ್ತಿದಳು.

"ಬೀಗತ್ಯಾರ, ಆರಾಮ ಅದೀರೇನು? ನಮ್ಮ ಹುಡುಗಿ ಹ್ಯಾಂಗ ಅದಾಳ? ಫೋನ್ ಮಾಡಿದ್ರ ಬರೇ ನಗತಾಳ. ಅಕಿ ನಗೂದು ಹೆಚ್ಚಾತಂದ್ರ ನನಗ ಅಂಜಿಕಿ ಬರತೈತಿ."

"ಅವ್ವಾ, ನಾನಽ. ಮೇದಿನಿ," ಎಂದೆ.

ಬಿಲ್ಲೆಯಿಂದ ಹೋದದ್ದು ಸತುರ್ನೀನಾಳ ದನಿ. ಅವ್ವ ಬಿದ್ದು ಬಿದ್ದು ನಕ್ಕಳು. "ಏನ್ ಚ್ಯಾಷ್ಟಿ ಮಾಡತೀರಿ ಬೀಗತ್ಯಾರ! ಥೇಟ್ ನನ್ನ ಮಗಳು ಅಂದ್ಹಂಗಽ ಅಂದ್ರಿ. ಖರೇ ಹೇಳ್ರಿ, ಅಳತಾಳೇನು?"

ಇಲ್ಲ ಎನ್ನಲು ಬಾಯಿ ತೆರೆದೆ. "ಅಳತಾಳ," ಎಂದಿತು ನನ್ನ ಬಾಯಿ. "ಕಿತ್ತಳಿ ಗಿಡದ ಬುಡಕ ಕುಂತು ಅಳತಾಳ. ಗಂಡಗ ಗೊತ್ತಿಲ್ಲ. ನಾ ನೋಡೀನಿ." ನಾನು ಅಲ್ಲಿ ಕೂತು ಅಳುತ್ತಿದ್ದದ್ದು ನಿಜ. ಅದನ್ನು ನನಗೆ ನಾನೂ ಹೇಳಿಕೊಂಡಿರಲಿಲ್ಲ. ಮಾತು ಅಷ್ಟಕ್ಕೆ ನಿಲ್ಲಲಿಲ್ಲ. "ನನಗೂ ಹೋಗೂದೈತಿ ಬೀಗತಿ. ಭಾಳ ದಿನಾ ಆತು ತಯಾರ ಆಗಿ ಕುಂತು. ನನ್ನ ಯಾರೂ ಕಳಸವಲ್ಲರು."

ಈ ಕೊನೆಯ ಮಾತನ್ನು ನಾನು ಆಡಿದೆನೆಂದು ಹೇಳಲಾರೆ. ಆಡಲಿಲ್ಲ ಎಂದೂ ಹೇಳಲಾರೆ. ತುಟಿ ನನ್ನದು, ಉಸಿರು ನನ್ನದು. ಪಕ್ಕದಲ್ಲಿ ಬೀಜ ಆರಿಸುತ್ತಿದ್ದ ಬಸಿಲಿಯಾಳ ಮೊರ ಕೆಳಗೆ ಬಿತ್ತು. ಬಾಗಿಲಲ್ಲಿ ವಿಲ್ಬರ್ ನಿಂತಿದ್ದ. ಆ ದಿನ ಮಾತ್ರ ಅವನು ಎದ್ದು ಹೋಗಿರಲಿಲ್ಲ. ಅವನು ಹೊಸ್ತಿಲ ಮೇಲೆ ಕೂತು, "ಯವ್ವಾ," ಎಂದು ಚಿಕ್ಕ ಹುಡುಗನ ಹಾಗೆ ಅತ್ತ. ಅವ್ವ ಆ ಕಡೆಯಿಂದ "ಯಾರದು, ಯಾಕ ಅಳಾಕತ್ತೀರಿ?" ಎಂದು ಕೇಳುತ್ತಲೇ ಇದ್ದಳು. ನಾನು ಬಿಲ್ಲೆ ಮುಚ್ಚಿ, ಫೋನಿನಲ್ಲಿ, ನನ್ನ ದನಿಯಲ್ಲಿ, ಎಲ್ಲವನ್ನೂ ಹೇಳಿದೆ. ಎಲ್ಲ ಕೇಳಿದ ಅವ್ವ, "ಮಗಳು ಊರಿಗೆ ಹೋಗತೀನಿ ಅಂದ್ರ ಉಡಿ ತುಂಬಿ ಕಳಸ್ತೀವಿ. ಅಕಿ ಯಾರರ ಮಗಳು ಅಲ್ಲೇನು?" ಎಂದಳು.

ಅವಳನ್ನು ಕಳಿಸಿಕೊಡುವುದೋ ಬೇಡವೋ ಎಂದು ತೀರ್ಮಾನಿಸಲು ಸಂಘ ಸಭೆ ಸೇರಿತು. ಕೂಗಾಟವಾಯಿತು. ಟೋಪಿಯ ಆ ಮುದುಕ, "ಅಕಿ ಹೆಸರಿನ್ಯಾಗ ನಮ್ಮ ಮಕ್ಕಳು ಉಣ್ಣತಾವು. ಸತ್ತಾಕಿಗೇನು ಬ್ಯಾಸರಾ?" ಎಂದ. ಬಸಿಲಿಯಾ ಎದ್ದು ನಿಂತು, ಕಟ್ಟಿದ ಗಂಟಲಿನಲ್ಲೇ, "ಹಂಗಾರ ನಾಳೆ ನೀ ಸತ್ತ ಮ್ಯಾಲ ನಿನ್ನೂ ಕುಂದರಸ್ತೀವಿ. ಆಡು ಕೆಮ್ಮಿದ್ಹಂಗ ಮಾತಾಡತಿ, ಯಾರ ಕೊಳ್ಳತಾರ ನೋಡೂಣು," ಎಂದಳು. ಜನ ನಕ್ಕರು. ನಕ್ಕ ಮೇಲೆ ಯಾರಿಗೂ ಬೇಡವೆನ್ನಲು ಆಗಲಿಲ್ಲ. ಆದರೆ ನಗದೆ ಕೂತಿದ್ದವರನ್ನೂ ನಾನು ನೋಡಿದೆ. ಅವರಿಗೆ ಪಕ್ಕದ ಬೆಟ್ಟದ ಖಾಲಿ ಮನೆಗಳು ಕಾಣುತ್ತಿದ್ದವು. ನನಗೂ ಕಾಣುತ್ತವೆ. ನಾನು ಸಂಸಾರ ಮಾಡಬೇಕಾದದ್ದು ಇದೇ ಊರಿನಲ್ಲಿ.

ನಾಳೆ ಮಧ್ಯಾಹ್ನ ಮೇಜು ಹಾಕುತ್ತೇವೆ. ಇಳಕಲ್ ಸೀರೆ ಮಡಚಿಟ್ಟು, ತೆಂಗಿನಕಾಯಿ ಇಲ್ಲಿ ಸಿಗದ ಕಾರಣ ಕಿತ್ತಳೆ ಇಟ್ಟು, ಒಂದು ಬೊಗಸೆ ಒಳ್ಳೆಯ ಬೀಜ ಹಾಕಿ ಉಡಿ ತುಂಬುತ್ತೇನೆ. ಅವಳು ಬದುಕಿಡೀ ಹಡಗಿಗೆ ಹತ್ತಿಸಿದ, ತಾನು ಕುಡಿಯದ ಬೀಜ. ನಾಡಿದ್ದು ಬೆಳಿಗ್ಗೆ ಬಸಿಲಿಯಾ ತನ್ನದೇ ದನಿಯಲ್ಲಿ, ಅಕ್ಕ ಸತ್ತಿದ್ದಾಳೆ ಎಂದು ಜಗತ್ತಿಗೆ ಹೇಳುತ್ತಾಳೆ. ಆಮೇಲೆ ಯಾರು ಬೊಟ್ಟು ಒತ್ತುತ್ತಾರೋ, ಒತ್ತುವುದಿಲ್ಲವೋ, ನಮಗೆ ಗೊತ್ತಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಈ ರೂಢಿ ನಿಮ್ಮ ಕಾಲದಲ್ಲಿ, ಒಳ್ಳೆಯ ಮನಸ್ಸಿನಿಂದಲೇ ಶುರುವಾಯಿತು. ಬೆಳೆದವರ ಮುಖ ನೋಡಬೇಕೆಂದು ನೀವು ಬಯಸಿದಿರಿ, ಅದಕ್ಕಾಗಿ ನಿಮ್ಮನ್ನು ಪ್ರೀತಿಸುತ್ತೇನೆ. ಒಂದೇ ಒಂದು ಕೇಳಿಕೆ. ನಿಮಗೆ ಪರಿಚಯವಾದ ಮುಖ ಒಂದು ದಿನ ಪೊಟ್ಟಣದ ಮೇಲೆ ಇಲ್ಲದಿದ್ದರೆ, ಆ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಹೊಸ ಹೆಸರನ್ನು ಒಮ್ಮೆ ಬಾಯಿಬಿಟ್ಟು ಓದಿ, ಮನೆಗೆ ಒಯ್ಯಿರಿ. ಸಾಯುವುದಕ್ಕೂ ಅವರಿಗೆ ಅವಕಾಶ ಕೊಡಿ.

ಇನ್ನು ಬರೆಯಲು ಬಿಡುವಿಲ್ಲ. ಹಿಟ್ಟು ಉಬ್ಬಿದೆ, ರೊಟ್ಟಿಯ ಬೊಂಬೆಗೆ ಮುಖ ಬಿಡಿಸುವ ಕೆಲಸ ಹೊಸ ಸೊಸೆಯದಂತೆ. ನಾನು ಅವಳನ್ನು ನೋಡಿದ್ದು ಪೊಟ್ಟಣದ ಚಿತ್ರದಲ್ಲಿ ಮಾತ್ರ, ಆ ಚಿತ್ರದಲ್ಲಿ ಅವಳು ಹಲ್ಲು ಕಾಣುವಂತೆ ನಗುತ್ತಾಳೆ. ಹಾಗೆಯೇ ಬಿಡಿಸಹೊರಟೆ. ಬಸಿಲಿಯಾ ನನ್ನ ಕೈ ಹಿಡಿದಳು.

"ನಗಸಬ್ಯಾಡವಾ," ಎಂದಳು. "ದಣದಾಳ."

ನಿಮ್ಮ ಮುಂದಿನವಳು,
ಮೇದಿನಿ