ಬಾಟಲಿಯಲ್ಲಿ ಗುಳ್ಳೆ

ಮಂಗಳವಾರ, ಮಾರ್ಚ್ 11

ತಮ್ಮನ ಎಡ ಶ್ವಾಸಕೋಶದಿಂದ ಇನ್ನೂ ಗಾಳಿ ಸೋರುತ್ತಿದೆ. ಸಂಜೆ ಅವನು ಕೆಮ್ಮಿದಾಗ, ಎದೆಗೆ ಹಾಕಿದ ನಳಿಕೆಯ ತುದಿ ಮುಳುಗಿರುವ ನೀರಿನ ಬಾಟಲಿಯಲ್ಲಿ ಗುಳ್ಳೆಗಳು ಎದ್ದವು ಎಂದು ನರ್ಸ್ ಹೇಳಿದರು.

ಶ್ವಾಸಕೋಶ ಕುಸಿದಿದೆ ಎಂದು ಗೊತ್ತಾಗಿ ಐದು ದಿನವಾಯಿತು. ಅದಕ್ಕೆ ಮೊದಲು ಎರಡು ದಿನ ಉಳುಕು ಎಂದುಕೊಂಡು ಭುಜಕ್ಕೆ ಮುಲಾಮು ತಿಕ್ಕಿದವಳು ನಾನೇ.

ಬೆಳಗ್ಗೆ ಡಾಕ್ಟರ್ ಕೆಮ್ಮಲು ಹೇಳಿದಾಗ ಗುಳ್ಳೆ ಬರಲಿಲ್ಲ. ನಾಳೆ ನಳಿಕೆ ತೆಗೆಯೋಣ ಎಂದರು. ತಮ್ಮನದು ಪಂಕ್ಚರ್ ಅಂಗಡಿ. ಗುಳ್ಳೆಯ ಅರ್ಥ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಂಟಲಲ್ಲಷ್ಟೇ ಕೆಮ್ಮಿದ, ಎದೆ ಅಲುಗಲಿಲ್ಲ. ನಾನು ನೋಡಿದೆ.

"ನೀನು ಸುಮ್ನಿರಕ್ಕ. ಮನೆಗೆ ಹೋದ್ರೆ ಸಾಕಾಗಿದೆ."

"ಸೋರೋ ಟ್ಯೂಬನ್ನ ಗಿರಾಕಿಗೆ ಹಾಗೇ ಹಾಕಿ ಕಳಿಸ್ತೀಯೇನೋ?"

"ಗಿರಾಕಿ ಒಪ್ಪಿದ್ರೆ ಕಳಿಸ್ತೀನಿ."

ಸೋರಿಕೆ ನಿಲ್ಲುವ ಮೊದಲೇ ನಳಿಕೆ ತೆಗೆದರೆ ಶ್ವಾಸಕೋಶ ಮತ್ತೆ ಕುಸಿಯಬಹುದು. ಸಂಜೆ ನರ್ಸ್‌ಗೆ ಹೇಳಿಬಿಟ್ಟೆ. ಅವರು ಪಕ್ಕದಲ್ಲೇ ನಿಂತು, ಬೆನ್ನಿಗೆ ಕೈಕೊಟ್ಟು ಸರಿಯಾಗಿ ಕೆಮ್ಮಿಸಿದರು. ನೋವಿಗೆ ಅವನ ಕಣ್ಣಲ್ಲಿ ನೀರು ಬಂತು.

"ಚಾಡಿಕೋರಿ," ಎಂದು ಗೋಡೆ ಕಡೆ ತಿರುಗಿದ.

ತಪ್ಪು ಮಾಡಿಲ್ಲ ಎಂದು ಗೊತ್ತು. ಆದರೂ ಊಟ ಸೇರಲಿಲ್ಲ. ಏನೂ ಯೋಚಿಸಲಾರದಷ್ಟು ಸುಸ್ತು.

ನಳಿಕೆ ಸದ್ಯಕ್ಕೆ ತೆಗೆಯುವುದಿಲ್ಲ. ನಾಳೆ ಏಳು ಗಂಟೆಗೆ ಎಕ್ಸ್‌ರೇ.