ಗೆದ್ದಿದ್ದರೆ ಆ ಬ್ಯಾನರ್ ಏನು ಮಾಡುತ್ತಿದ್ದಿರಿ?

ಟೆನಿಸ್ ಒಕ್ಕೂಟದ ಮಾನ್ಯ ಅಧ್ಯಕ್ಷರೇ,

ನಾನು ಆಟದಿಂದ ನಿವೃತ್ತಳಾಗಿದ್ದೇನೆ ಎಂಬ ಸುದ್ದಿಯನ್ನು ನನಗೆ ತಿಳಿಸಿದ್ದಕ್ಕೆ ಮೊದಲು ತಮಗೆ ವಂದನೆಗಳು. ತಾವು ಮೈಕಿನಲ್ಲಿ ಘೋಷಿಸದೇ ಹೋಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮರುದಿನ ಎಂದಿನಂತೆ ಎದ್ದು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಚೀಲ ಹೆಗಲಿಗೇರಿಸಿ ಅಭ್ಯಾಸಕ್ಕೆ ಹೊರಟು ನಗೆಪಾಟಲಾಗುತ್ತಿದ್ದೆ.

ಸುತ್ತಿ ಬಳಸದೆ ಹೇಳುತ್ತೇನೆ. ನಾನು ನಿವೃತ್ತಿ ಕೇಳಿಲ್ಲ, ಘೋಷಿಸಿಲ್ಲ, ಆ ಬಗ್ಗೆ ಯಾರೆದುರೂ ಬಾಯಿ ಬಿಟ್ಟಿಲ್ಲ. ರಾಷ್ಟ್ರೀಯ ಪಂದ್ಯಾವಳಿಯ ಕ್ವಾರ್ಟರ್ ಫೈನಲ್‌ನಲ್ಲಿ ಒಂದು ಪಂದ್ಯ ಸೋತೆ, ಅಷ್ಟೆ. ಆ ಸೋಲಿನ ಕೈಗೆ ತಾವು ಹೂಗುಚ್ಛ ಕೊಟ್ಟು ಅದಕ್ಕೆ ವಿದಾಯ ಎಂದು ಹೆಸರಿಟ್ಟಿರಿ. ಪತ್ರಿಕೆಗಳಿಗೆ ಪ್ರಕಟಣೆ ಕಳಿಸಿದಿರಿ. ಮುಂದಿನ ತಿಂಗಳ ಅಂತರರಾಷ್ಟ್ರೀಯ ಪಂದ್ಯಾವಳಿಯ ಅರ್ಹತಾ ಸುತ್ತಿಗೆ ಒಕ್ಕೂಟ ಕಳಿಸುವ ಹೆಸರುಗಳಲ್ಲಿ ನನ್ನದನ್ನು ಕೈಬಿಟ್ಟಿರಿ. ತರಬೇತಿ ಕೇಂದ್ರದಲ್ಲಿ ನನ್ನ ಬೀರುವಿಗೆ ಬೇರೆ ಬೀಗ ಬಿದ್ದಿದೆ. ಒಳಗಿದ್ದ ನನ್ನ ಹಳೆಯ ಬೂಟುಗಳು ಕಾವಲುಗಾರನ ಮೇಜಿನ ಕೆಳಗೆ ಕೂತಿವೆ. ಅವೂ ನಿವೃತ್ತವಾಗಿವೆಯೆಂದು ಅವುಗಳಿಗೂ ಯಾರೂ ಹೇಳಿರಲಿಕ್ಕಿಲ್ಲ.

ಈಗ ಆ ಪಂದ್ಯದ ಮಾತು. ತಾವು ಮೊದಲ ಸಾಲಿನ ಮೆತ್ತನೆ ಕುರ್ಚಿಯಲ್ಲಿ ಕುಳಿತು ನೋಡಿದ್ದೀರಿ. ಆದರೂ ಹೇಳುತ್ತೇನೆ, ಯಾಕೆಂದರೆ ಅಲ್ಲಿಂದ ಕಂಡದ್ದು ಬೇರೆ, ಗೆರೆಯ ಮೇಲೆ ನಿಂತವಳಿಗೆ ಕಂಡದ್ದು ಬೇರೆ. ನನ್ನ ಎದುರಾಳಿ ಹದಿನೇಳರ ಎಡಗೈ ಹುಡುಗಿ. ತಾವು ಈ ವರ್ಷದ ಭಿತ್ತಿಚಿತ್ರಗಳಲ್ಲೆಲ್ಲ ಹಾಕಿಸಿದ ಮುಖ. ನನಗೆ ಮೂವತ್ತನಾಲ್ಕು. ಅವಳು ಹುಟ್ಟುವ ಹೊತ್ತಿಗೆ ನಾನಾಗಲೇ ಸಿಟ್ಟಿಗೆ ರ‍್ಯಾಕೆಟ್ ಮುರಿದು ಬೈಸಿಕೊಂಡಿದ್ದೆ. ಮೊದಲ ಸೆಟ್ ಅವಳದಾಯಿತು, ಎರಡನೆಯದು ನನ್ನದು. ಕೊನೆಯ ಸೆಟ್‌ನಲ್ಲಿ ನಾನು ಐದು, ಅವಳು ನಾಲ್ಕು. ಸರ್ವ್ ನನ್ನದು. ಇನ್ನೊಂದೇ ಅಂಕ ಬಂದರೆ ಪಂದ್ಯ ನನ್ನದು.

ಮೊದಲ ಸರ್ವ್ ಬಲೆಗೆ ಬಿತ್ತು. ಎರಡನೆಯದಕ್ಕೆಂದು ಚೆಂಡನ್ನು ನೆಲಕ್ಕೆ ಪುಟಿಸುತ್ತ ತಲೆಯೆತ್ತಿದೆ. ಎದುರಿನ ತಂತಿ ಬೇಲಿಯಾಚೆ ಇಬ್ಬರು ಆಳುಗಳು ಉದ್ದನೆಯ ಬ್ಯಾನರ್ ಒಂದನ್ನು ಹೊತ್ತುಕೊಂಡು ವೇದಿಕೆಯ ಕಡೆ ಹೋಗುತ್ತಿದ್ದರು. ಗಾಳಿಗೆ ಅದರ ಒಂದು ತುದಿ ಬಿಚ್ಚಿಕೊಂಡಿತು. ಅಲ್ಲಿ ನನ್ನ ಅರ್ಧ ಮುಖವಿತ್ತು. ಒಂದು ಕಣ್ಣು, ಒಂದು ಕಿವಿ, ಪಕ್ಕದಲ್ಲಿ 'ವಿದಾ' ಎಂಬ ಎರಡು ದಪ್ಪ ಅಕ್ಷರ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ಕಥೆ ಕೇಳಿದ್ದೆ. ಉಸಿರಾಡುತ್ತಿರುವವಳ ಕಣ್ಣೆದುರೇ ಅವಳ ತಿಥಿಗೆ ಚಪ್ಪರ ಹಾಕಿಸುವವರನ್ನು ನೋಡಿದ್ದು ಅವತ್ತೇ.

ಎರಡನೆಯ ಸರ್ವ್ ಗೆರೆಯಾಚೆ ಬಿತ್ತು. ಡಬಲ್ ಫಾಲ್ಟ್, ಅಂಕ ಅವಳಿಗೆ. ಆಮೇಲೆ ಆ ಗೇಮ್ ಹೋಯಿತು, ಅದರ ಹಿಂದೆ ಇನ್ನೆರಡು ಹೋದವು. ಏಳು-ಐದು. ಕೊನೆಯ ಚೆಂಡನ್ನು ಹುಡುಗಿ ನನ್ನ ಪಕ್ಕದಿಂದ ಗೆರೆಯ ಮೇಲೆಯೇ ಇಳಿಸಿದಳು. ಸೋತವಳೂ ಒಂದು ಕ್ಷಣ ಖುಷಿಪಡುವಂಥ ಹೊಡೆತ ಅದು.

ತಾವೀಗ ನಗುತ್ತಿರಬಹುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವಳು ಬ್ಯಾನರ್ ಡೊಂಕು ಅನ್ನುತ್ತಿದ್ದಾಳೆ ಎಂದು. ಇಲ್ಲ ಸ್ವಾಮಿ. ನನ್ನ ಎರಡನೆಯ ಸರ್ವ್ ಎರಡು ವರ್ಷದಿಂದ ನನಗೆ ಕೈಕೊಡುತ್ತಿದೆ. ಒತ್ತಡ ಬಂದಾಗ ಮಣಿಕಟ್ಟು ಬಿಗಿಯುತ್ತದೆ, ಚೆಂಡು ಗೆರೆ ದಾಟುತ್ತದೆ. ಇದು ನನಗೂ ಗೊತ್ತು, ನನ್ನ ಕೋಚಿಗೂ ಗೊತ್ತು, ಆ ಹುಡುಗಿಗಂತೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಎರಡು ಹೆಜ್ಜೆ ಮುಂದೆ ಬಂದು ನಿಂತಿದ್ದಳು. ಬ್ಯಾನರ್ ಕಾಣದಿದ್ದರೆ ಗೆಲ್ಲುತ್ತಿದ್ದೆನೇ? ಗೊತ್ತಿಲ್ಲ. ಈ ಗೊತ್ತಿಲ್ಲದಿರುವುದೇ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. ಹಿಂದೆ ನೂರಾರು ಸಲ ಸೋತಿದ್ದೇನೆ. ಪ್ರತಿಸಲವೂ ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಎಲ್ಲಿ ತಪ್ಪಿತೆಂದು ಕಂಡುಕೊಂಡು ಅಂಗಣಕ್ಕೆ ಇಳಿದಿದ್ದೇನೆ. ಈ ಒಂದು ಸೋಲನ್ನು ಮಾತ್ರ ಎಷ್ಟು ತಿರುವಿ ಹಾಕಿದರೂ ಅದರ ನಡುವೆ ತಮ್ಮ ಇಬ್ಬರು ಆಳುಗಳು ಅಡ್ಡ ಹಾಯುತ್ತಾರೆ.

ಹಾಗಾಗಿ ತಮ್ಮಲ್ಲಿ ಒಂದು ಸರಳ ಪ್ರಶ್ನೆ. ನಾನು ಗೆದ್ದಿದ್ದರೆ ಆ ಬ್ಯಾನರ್ ಏನು ಮಾಡುತ್ತಿದ್ದಿರಿ? ಮಡಚಿಟ್ಟು ಸೆಮಿಫೈನಲ್‌ಗೆ ತರುತ್ತಿದ್ದಿರಾ? ಅಲ್ಲೂ ಗೆದ್ದಿದ್ದರೆ? ಇಲ್ಲಾ, ಸೋತರೂ ಗೆದ್ದರೂ ಅವತ್ತೇ ಬೀಳ್ಕೊಡುಗೆ ಎಂದು ತೀರ್ಮಾನವಾಗಿತ್ತೇ? ಹಾಗಿದ್ದರೆ ನಾವಿಬ್ಬರೂ ಆ ಬಿಸಿಲಲ್ಲಿ ಬೆವರು ಸುರಿಸಿ ಓಡಿದ್ದು ತಮ್ಮ ಕಾರ್ಯಕ್ರಮಕ್ಕೆ ಮುಂಚಿನ ಮನರಂಜನೆಗೇ?

ಪಂದ್ಯ ಮುಗಿದು ಕುರ್ಚಿಗೆ ಕುಸಿದು, ಮುಖದ ಮೇಲೆ ಟವೆಲ್ ಹಾಕಿಕೊಂಡಿದ್ದೆ. ಮೈಕಿನಲ್ಲಿ ತಮ್ಮ ಧ್ವನಿ ಬಂತು: "ಸುದೀರ್ಘ ಸೇವೆಯ ನಂತರ ಇಂದು ಆಟಕ್ಕೆ ವಿದಾಯ ಹೇಳುತ್ತಿರುವ ನಮ್ಮೆಲ್ಲರ ಹೆಮ್ಮೆಯ..." ಯಾರಪ್ಪಾ ಇದು ಎಂದು ಟವೆಲ್ ಸರಿಸಿ ನೋಡಿದೆ. ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು. ಇಡೀ ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಹುಡುಗಿ ತನ್ನ ಚೀಲ ಅಲ್ಲೇ ಬಿಟ್ಟು ನನ್ನ ಹತ್ತಿರ ಬಂದಳು.

"ಅಕ್ಕಾ, ನೀವು ನಿಜವಾಗ್ಲೂ ಬಿಡ್ತಿದೀರಾ? ನಂಗೆ ಯಾರೂ ಹೇಳ್ಲೇ ಇಲ್ಲ."

"ನಂಗೂ ಯಾರೂ ಹೇಳ್ಲಿಲ್ಲ ಕಣಮ್ಮ," ಅಂದೆ.

ಅಷ್ಟರಲ್ಲಿ ತಾವು ನನ್ನ ಭುಜ ಹಿಡಿದು ವೇದಿಕೆಗೆ ಕರೆದೊಯ್ದಿರಿ, ಹೂಗುಚ್ಛ ಕೊಟ್ಟಿರಿ, ನಾನು ಈಸಿಕೊಂಡೆ. ಮೈಕ್ ಮುಂದೆ ಹಿಡಿದಿರಿ, "ಎಲ್ಲರಿಗೂ ಧನ್ಯವಾದ" ಅಂದೆ. ನನ್ನ ಮುಖವಿದ್ದ ಆ ಬ್ಯಾನರ್ ಬೆನ್ನ ಹಿಂದೆಯೇ ಇತ್ತಲ್ಲ, ಫೋಟೋದಲ್ಲಿ ನಾನು ಇಬ್ಬರಿದ್ದೇನೆ. ಹಿಂದಿನವಳು ನಗುತ್ತಿದ್ದಾಳೆ.

ನನ್ನ ಅಮ್ಮ ಆ ಗ್ಯಾಲರಿಯಲ್ಲಿದ್ದಳು. ಹೊಲಿಗೆ ಯಂತ್ರದ ಮುಂದೆ ಆಯುಷ್ಯ ಕಳೆದವಳು; ನನ್ನ ಆಟದ ಚಡ್ಡಿಗಳಿಗೆ ಚೆಂಡಿನ ಜೇಬು ಇವತ್ತಿಗೂ ಅವಳೇ ಹೊಲಿಯುವುದು. ಟೆನಿಸಿನ ಲೆಕ್ಕ ಅವಳ ತಲೆಗೆ ಹತ್ತಿದ್ದೇ ಇಲ್ಲ. ಸೊನ್ನೆಗೆ 'ಲವ್' ಅನ್ನುತ್ತಾರೆಂದು ಹೇಳಿದ ದಿನ, "ಕೈಯಲ್ಲಿ ಏನೂ ಇಲ್ದಿದ್ದಾಗ ಇನ್ನೇನು ಅಂತಾರೆ ಮತ್ತೆ?" ಎಂದು ನಕ್ಕಿದ್ದಳು. ಅವತ್ತು ಅವಳೂ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದಳಂತೆ. ಮನೆಗೆ ಬರುವಾಗ ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅರ್ಧ ದಾರಿಗೆ ಬಂದಾಗ ಕೇಳಿದಳು.

"ಹೆತ್ತವಳಿಗೆ ಒಂದು ಮಾತು ಹೇಳಬಾರದಿತ್ತೇನೆ? ಮೈಕಲ್ಲಿ ಕೇಳಿ ತಿಳ್ಕೋಬೇಕಾ ನಾನು?"

"ನಂಗೇ ಗೊತ್ತಿರಲಿಲ್ಲಮ್ಮ."

"ಮತ್ತೆ ಹೂವು ಯಾಕೆ ಇಸ್ಕೊಂಡೆ?"

ಮಾನ್ಯರೇ, ಅದನ್ನು ತಮಗೇ ಹೇಳುತ್ತೇನೆ. ಆಗತಾನೆ ಸೋತವಳ ಮೈಯಲ್ಲಿ ಜಗಳಕ್ಕೆ ಬೇಕಾದಷ್ಟು ಉಸಿರೂ ಉಳಿದಿರುವುದಿಲ್ಲ. ಆ ಹೊತ್ತಿನಲ್ಲಿ ಕೈಗೆ ಕಲ್ಲು ಕೊಟ್ಟಿದ್ದರೂ ಹಿಡಿದುಕೊಂಡು ಧನ್ಯವಾದ ಹೇಳುತ್ತಿದ್ದೆ. ಇಷ್ಟು ವರ್ಷ ಆಟಗಾರರನ್ನು ಕಂಡ ತಮಗೆ ಇದು ತಿಳಿಯದ ಸಂಗತಿಯೇ? ತಿಳಿದೇ ಆ ಗಳಿಗೆ ಆರಿಸಿಕೊಂಡಿರಿ ಎಂದು ನಾನು ಹೇಳಿದರೆ ತಾವು ಬೇಸರ ಪಟ್ಟುಕೊಳ್ಳುವಿರಾ?

ಮರುವಾರ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ, ತಾವು ಯಾವಾಗಲೂ ಸಭೆಯಲ್ಲೇ ಇರುತ್ತೀರಿ. ಕಾರ್ಯದರ್ಶಿಗಳು ಬಹಳ ಮರ್ಯಾದೆಯಿಂದ ಕೂರಿಸಿ, ಚಹಾ ತರಿಸಿ, ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ನಾನಿನ್ನೂ ಆಡುತ್ತೇನೆ, ನಿವೃತ್ತಿ ಪಡೆದಿಲ್ಲ, ಪ್ರಕಟಣೆ ಹಿಂತೆಗೆದುಕೊಳ್ಳಿ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ ಹೇಳಿದ್ದು ಇದು:

"ಮೇಡಂ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿಬಿಟ್ಟಿದಾರೆ. ಈಗ ಅದನ್ನ ಹೇಗೆ ವಾಪಸ್ ಕೊಡ್ತೀರಿ ಹೇಳಿ? ಎಷ್ಟು ಗೌರವವಾಗಿ ಮುಗೀತು. ನೀವು ಮತ್ತೆ ಬಂದು ಸೋತ್ರೆ ಆ ಗೌರವ ಏನಾಗ್ಬೇಕು?"

ಅಂದರೆ ನನ್ನ ಗೌರವ ಕಾಪಾಡಲು ನನ್ನನ್ನು ಆಟದಿಂದ ಕಾಪಾಡುತ್ತಿದ್ದೀರಿ. ಇಂಥ ಕಾಳಜಿಗೆ ಏನು ಹೇಳುವುದು! ಆದರೆ ನನ್ನ ಜಾಗ ಯಾರಿಗೋ ಬೇಕಿತ್ತೆಂದರೆ ಅದನ್ನು ಪಡೆಯುವ ದಾರಿ ತಮ್ಮದೇ ನಿಯಮಾವಳಿಯಲ್ಲಿದೆ: ನನ್ನನ್ನು ಸೋಲಿಸುವುದು. ಆ ಹುಡುಗಿ ಸೋಲಿಸಿದಳು, ಸೆಮಿಫೈನಲ್‌ಗೆ ಹೋದಳು. ನಾನು ಚಕಾರವೆತ್ತಿದೆನೇ? ಉಳಿದವರೂ ಹಾಗೆಯೇ ಬರಲಿ.

ಅವತ್ತಿನಿಂದ ಮನೆಯಲ್ಲಿ ನನ್ನ ಕಾಲು ನಿಲ್ಲುತ್ತಿಲ್ಲ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ. ಗೋಡೆಗೆ ಚೆಂಡು ಹೊಡೆಯುತ್ತಿದ್ದರೆ ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, "ಮೇಲೆ ಕುದುರೆ ಗಿದುರೆ ಸಾಕಿದೀರಾ?" ಎಂದು ಕೇಳಿ ಹೋದರು. ನನ್ನ ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ನನ್ನ ಮೊಣಕಾಲನ್ನು ಒಳಗಿನಿಂದಲೂ ಕಂಡವರು. ಅವರನ್ನೇ ಕೇಳಿದೆ: "ಬಿಟ್ಟುಬಿಡ್ಲಾ?"

"ಬಿಡೋದಾದ್ರೆ ಬಿಡು, ನಂಗೂ ಸುಖ," ಅಂದರು. "ಆದ್ರೆ ನೀನಾಗಿ ಬಿಡು. ಹಣ್ಣಾಗಿ ಉದುರೋದೇ ಬೇರೆ, ಕೊಂಬೆ ಅಲ್ಲಾಡಿಸಿ ಬೀಳಿಸೋದೇ ಬೇರೆ."

ಇದೆಲ್ಲ ನಡೆಯುತ್ತಿರುವಾಗ ಹುಡುಗಿ ಫೋನ್ ಮಾಡಿದಳು. ಅಳುತ್ತಿದ್ದಾಳೋ ಸಿಟ್ಟಿನಲ್ಲಿದ್ದಾಳೋ ಮೊದಲು ಗೊತ್ತಾಗಲಿಲ್ಲ. "ಅಕ್ಕಾ, ನಾನು ನಿಮ್ಮನ್ನ ಸೋಲಿಸಿದ್ದು ಯಾರಿಗೂ ನೆನಪೇ ಇಲ್ಲ. ಪೇಪರಲ್ಲೆಲ್ಲ ನಿಮ್ಮ ಹೂವಿನ ಫೋಟೋನೇ. ನಮ್ಮ ಮನೇಲೂ 'ಪಾಪ, ಅವರ ಕೊನೇ ಮ್ಯಾಚಲ್ಲಿ ಬಿಟ್ಟುಕೊಟ್ಟಿರಬೇಕು' ಅಂತಿದಾರೆ. ಬಿಟ್ಟುಕೊಟ್ರಾ ನೀವು?"

ಕೇಳಿದಿರಾ, ಅಧ್ಯಕ್ಷರೇ? ಹದಿನೇಳು ವರ್ಷದ ಮಗು ತನ್ನ ಜೀವನದ ಅತಿದೊಡ್ಡ ಗೆಲುವನ್ನು ಗೆದ್ದು, ಅದು ನಿಜವಾದ ಗೆಲುವೇ ಎಂದು ಸೋತವಳನ್ನೇ ಕೇಳುವ ಸ್ಥಿತಿಗೆ ತಂದಿಟ್ಟಿದ್ದೀರಿ. ತಮ್ಮದು ಎಂಥ ಕೈಚಳಕ! ಒಂದೇ ಹೂಗುಚ್ಛದಿಂದ ನನ್ನ ಸೋಲನ್ನೂ ಕಿತ್ತುಕೊಂಡಿರಿ, ಅವಳ ಗೆಲುವನ್ನೂ ಕಿತ್ತುಕೊಂಡಿರಿ.

"ಒಂದು ಅಂಕಾನೂ ಬಿಟ್ಟುಕೊಟ್ಟಿಲ್ಲ. ನಂಬಿಕೆ ಇಲ್ದಿದ್ರೆ ಬಾ," ಅಂದೆ.

ಬಂದಳು. ಒಂದು ಶಾಲೆಯ ಹಿಂದಿನ ಬಿರುಕುಬಿಟ್ಟ ಸಿಮೆಂಟ್ ಅಂಗಣದಲ್ಲಿ, ಅಂಪೈರ್ ಇಲ್ಲದೆ, ಗೆರೆ ನಮ್ಮ ನಮ್ಮ ಕಣ್ಣಿಗೆ ಬಿಟ್ಟು ಆಡಿದೆವು. ನನ್ನ ಅಮ್ಮ ಕಟ್ಟೆಯ ಮೇಲೆ ಕೂತು ನೋಡಿದಳು. ನಾನು ಮೈಮುರಿದು ಆಡಿದೆ. ಎರಡನೆಯ ಸರ್ವ್ ಒಂದೆರಡು ಸಲ ಬಿಟ್ಟರೆ ಒಳಗೇ ಬಿತ್ತು. ಆದರೂ ಸೋತೆ. ಸೋತು, ರ‍್ಯಾಕೆಟ್ಟನ್ನು ಕಂಬಕ್ಕೆ ಕುಟ್ಟಿ, ಬಾಯಿಗೆ ಬಂದದ್ದು ಬೈದುಕೊಂಡೆ. ಹುಡುಗಿಯ ಮುಖ ಅರಳಿತು. ಅಮ್ಮ ಕಟ್ಟೆಯಿಂದಲೇ, "ಸರಿ, ಇವಳಿನ್ನೂ ಬಿಟ್ಟಿಲ್ಲ ಬಿಡು," ಎಂದಳು. ಎಷ್ಟೋ ದಿನದ ಮೇಲೆ ಅವತ್ತು ನನಗೆ ಹಸಿವಾಯಿತು. ಊಟಕ್ಕೆ ಕೂತಾಗ ಕಾಲು ಮಾತ್ರ ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು.

ನಾನು ಗೆಲ್ಲುತ್ತೇನೆಂದು ತಮಗೆ ಮಾತು ಕೊಡುತ್ತಿಲ್ಲ. ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಯಾವುದೋ ದೇಶದ ಯಾವಳೋ ನನ್ನನ್ನು ಒಂದು ತಾಸಿನೊಳಗೆ ಮನೆಗೆ ಕಳಿಸಬಹುದು. ಕಳಿಸಲಿ. ಅವಳಿಗೆ ಆ ಹಕ್ಕಿದೆ, ತಮಗಿಲ್ಲ. ಆದ್ದರಿಂದ ನನ್ನ ಬೇಡಿಕೆ ಇಷ್ಟು: ನಿವೃತ್ತಿಯ ಪ್ರಕಟಣೆಯನ್ನು ಅದು ಹೊರಟ ಬಾಯಿಂದಲೇ ಹಿಂತೆಗೆದುಕೊಳ್ಳಿ. ಕ್ವಾರ್ಟರ್ ಫೈನಲ್ ಯಾರು ಗೆದ್ದರೆಂದು ಅದೇ ಪ್ರಕಟಣೆಯಲ್ಲಿ, ದಪ್ಪ ಅಕ್ಷರದಲ್ಲಿ, ಹುಡುಗಿಯ ಹೆಸರು ಹಾಕಿ ತಿಳಿಸಿ. ಅರ್ಹತಾ ಸುತ್ತಿಗೆ ನನ್ನ ಹೆಸರು ಕಳಿಸಿ. ಶುಕ್ರವಾರ ಹೆಸರು ಕಳಿಸಲು ಕೊನೆಯ ದಿನ. ಅಂದು ಬೆಳಗ್ಗೆಯೇ ಬಂದು ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತೇನೆ. ಸಭೆ ಮುಗಿಸಿ ಹೊರಬರಲು ತಮಗೆ ಆ ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ, ನೋಡಿಕೊಂಡು ಬಂದಿದ್ದೇನೆ.

ಇಂತಿ,
ತಮ್ಮ ಪ್ರಕಟಣೆಯ ಪ್ರಕಾರ ಮಾಜಿ,
ತನ್ನ ಮೊಣಕಾಲಿನ ಪ್ರಕಾರ ಇನ್ನೂ ತೀರ್ಪು ಬಾಕಿಯಿರುವ,
ಒಬ್ಬ ಟೆನಿಸ್ ಆಟಗಾರ್ತಿ